ಆಗ್ನೇಯದ ಆಕಾಶಕ್ಕೆ ಅಡ್ಡ ಬಂದ ಶೀಟು

ಏಪ್ರಿಲ್ ಕೊನೆಯ ಗುಡುಗು ಮಳೆ ಎರಡು ಸಲ ಹೊಡೆದರೆ ಸಾಕು, ಶಿವಮೊಗ್ಗದ ತಾರಸಿಗಳ ಮೇಲೆ ವೆಲ್ಡಿಂಗ್ ಸದ್ದು ಶುರುವಾಗುತ್ತದೆ. ಕಳೆದ ಮಳೆಗಾಲದಲ್ಲಿ ಸೋರಿದ ಮನೆಗಳ ಮಾಲೀಕರಿಗೆ ಜೂನ್ ಕಾಲಿಡುವ ಮೊದಲೇ ಕಬ್ಬಿಣದ ಕಂಬ ನಿಲ್ಲಿಸಿ ಮೇಲೆ ಶೀಟು ಹೊದೆಸಿಬಿಡುವ ಅವಸರ. ವಿನೋಬನಗರದಲ್ಲಿ ನೋಡಿ, ಗೋಪಾಲಗೌಡ ಬಡಾವಣೆಯಲ್ಲಿ ನೋಡಿ, ಆರ್‌ಸಿಸಿ ಮನೆಯ ನೆತ್ತಿಯ ಮೇಲೆ ನೀಲಿ, ಕೆಂಪು ಶೀಟಿನ ಇನ್ನೊಂದು ಮಾಡು ಇಲ್ಲಿ ಮಾಮೂಲು. ಸೋರಿಕೆ ನಿಲ್ಲುತ್ತದೆ, ಮಳೆಗಾಲದಲ್ಲಿ ಬಟ್ಟೆ ಒಣಹಾಕಲು ಜಾಗ ಸಿಗುತ್ತದೆ, ಬಿಸಿಲುಗಾಲದಲ್ಲಿ ಮೇಲಿನ ಮಹಡಿ ತುಸು ತಣ್ಣಗಿರುತ್ತದೆ. ಕೆಲಸದವರು ಕೊನೆಯ ಶೀಟಿನ ಸ್ಕ್ರೂ ಬಿಗಿದು ಕೆಳಗಿಳಿದ ಸಂಜೆಯೇ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿ ಟಿವಿ ಹೋಗುತ್ತದೆ.

ಬಾಡಿಗೆಯವರ ಅನುಮಾನ ಮೊದಲು ರೀಚಾರ್ಜ್ ಮೇಲೆ, ಆಮೇಲೆ ರಿಮೋಟ್ ಮೇಲೆ, ಕೊನೆಗೆ ಸೆಟ್‌ಟಾಪ್ ಬಾಕ್ಸ್ ಮೇಲೆ. ಬಾಕ್ಸ್ ಆಫ್ ಮಾಡಿ ಆನ್ ಮಾಡುತ್ತಾರೆ, ಹಿಂದಿನ ವೈರ್ ಕಿತ್ತು ಊದಿ ಮತ್ತೆ ಸಿಕ್ಕಿಸುತ್ತಾರೆ. ಮರುದಿನ ಡಿಶ್‌ನವನು ಬಂದು ಮೆಟ್ಟಿಲು ಹತ್ತಿ ಎರಡೇ ನಿಮಿಷದಲ್ಲಿ ಕೆಳಗಿಳಿಯುತ್ತಾನೆ. ‘ಮೇಲೆ ಶೀಟ್ ಹಾಕ್ಸಿದಾರಲ್ಲ ಅಕ್ಕ, ಡಿಶ್ ಅದರ ಅಡಿಗಿದೆ. ಎಲ್ಲಿಂದ ಬರಬೇಕು ಸಿಗ್ನಲ್ಲು?’

ಉಪಗ್ರಹದಿಂದ ಬರುವ ತರಂಗಕ್ಕೆ ಲೋಹದ ಶೀಟು ಎಂದರೆ ಗೋಡೆಗಿಂತ ಕಡೆ. ಕಾಂಕ್ರೀಟು ಬಹುಪಾಲನ್ನು ಹೀರಿಕೊಂಡರೆ ಶೀಟು ಬಂದದ್ದನ್ನೆಲ್ಲ ಹಾಗೇ ಹಿಂದಕ್ಕೆ ಹೊಡೆಯುತ್ತದೆ. ಶೀಟಿನ ದಪ್ಪ ಅರ್ಧ ಮಿಲಿಮೀಟರ್ ಇದ್ದರೂ ಅಷ್ಟೇ, ಐದಿದ್ದರೂ ಅಷ್ಟೇ. ಡಿಶ್ ಅನ್ನು ಅದರಡಿಯಲ್ಲೇ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಹೊರಗೆ ತರಲೇಬೇಕು. ಎಲ್ಲಿಗೆ ತರಬೇಕು ಎಂಬ ಪ್ರಶ್ನೆಗೆ ಉತ್ತರ ಆಮೇಲೆ. ಅದಕ್ಕೂ ಮೊದಲು ಇನ್ನೊಂದು ಬಗೆಯ ಬಾಡಿಗೆದಾರರ ತೊಂದರೆ ಹೇಳಿಬಿಡಬೇಕು.

ಹೊಸ ಟಿವಿ ಕೊಂಡವರು ಅದರ ಬೆನ್ನಲ್ಲಿ ‘ಆಂಟೆನಾ’ ಎಂದು ಬರೆದ ತೂತು ನೋಡುತ್ತಾರೆ. ತಿಂಗಳು ತಿಂಗಳು ದುಡ್ಡು ಕಟ್ಟುವುದು ಯಾಕೆ ಎಂದುಕೊಂಡು ಆನ್‌ಲೈನ್‌ನಲ್ಲಿ ಒಂದು ‘ಎಚ್‌ಡಿ ಇಂಡೋರ್ ಆಂಟೆನಾ’ ತರಿಸುತ್ತಾರೆ. ಕಿಟಕಿಗೆ ಅಂಟಿಸಿ ಆಟೋ ಟ್ಯೂನ್ ಒತ್ತಿದರೆ ಪಟ್ಟಿ ನೂರು ಪ್ರತಿಶತ ತಲುಪಿ ಕೊನೆಗೆ ‘ಚಾನೆಲ್: 0’ ಎಂದು ನಿಲ್ಲುತ್ತದೆ. ಆಂಟೆನಾ ಕಿಟಕಿ ಬದಲಿಸುತ್ತದೆ, ಕೋಣೆ ಬದಲಿಸುತ್ತದೆ, ಬಾಲ್ಕನಿಗೆ ಹೋಗುತ್ತದೆ. ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ತಪ್ಪು ಮನೆಯದಲ್ಲ, ಟಿವಿಯದೂ ಅಲ್ಲ. ಅದು ಹಿಡಿಯಬೇಕಾದ ಪ್ರಸಾರವೇ ಊರಲ್ಲಿಲ್ಲ. ಇಂಥ ಆಂಟೆನಾ ಅಮೆರಿಕದ ಊರುಗಳಲ್ಲಿ ಹತ್ತಾರು ಚಾನೆಲ್ ಹಿಡಿಯುತ್ತದೆ, ಏಕೆಂದರೆ ಅಲ್ಲಿ ಗೋಪುರಗಳಿಂದ ಡಿಜಿಟಲ್ ಪ್ರಸಾರ ಈಗಲೂ ನಡೆಯುತ್ತಿದೆ. ಅಲ್ಲಿಯ ಜಾಹೀರಾತನ್ನು ನಂಬಿ ಇಲ್ಲಿ ಕೊಂಡವರ ದುಡ್ಡು ಹೋದಂತೆಯೇ.

ಒಂದು ಕಾಲಕ್ಕೆ ಇಲ್ಲೂ ಪ್ರಸಾರ ಇತ್ತು. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಶುರುವಾಯಿತು. ಮರುವರ್ಷ ಏಷ್ಯನ್ ಕ್ರೀಡಾಕೂಟದ ನೆಪದಲ್ಲಿ ದೇಶಕ್ಕೆ ಬಣ್ಣದ ಟಿವಿ ಬಂತು. 1984ರ ನಂತರ ಜಿಲ್ಲಾ ಕೇಂದ್ರಗಳಿಗೆಲ್ಲ ಸಣ್ಣ ಮರುಪ್ರಸಾರ ಕೇಂದ್ರಗಳು ಸಾಲುಸಾಲಾಗಿ ಬಂದವು. ಅವುಗಳಲ್ಲಿ ಹೆಚ್ಚಿನವು 100 ವಾಟ್‌ನವು, ಅಂದರೆ ಒಂದು ಹಳೇ ಬಲ್ಬಿನ ಶಕ್ತಿಯಷ್ಟು. ಗೋಪುರದಿಂದ ಹತ್ತು ಹದಿನೈದು ಕಿಲೋಮೀಟರ್ ಆಚೆ ಹೋದರೆ ಚಿತ್ರದ ಮೇಲೆ ಹುಳ ಹರಿಯತೊಡಗುತ್ತಿತ್ತು. ಮೀನಿನ ಮುಳ್ಳಿನಂಥ ಅಲ್ಯೂಮಿನಿಯಂ ಆಂಟೆನಾವನ್ನು ಉದ್ದದ ಪೈಪಿಗೆ ಕಟ್ಟಿ ಮಾಡಿನ ಮೇಲೆ ಒಬ್ಬ, ಅಂಗಳದಲ್ಲಿ ಒಬ್ಬ, ಟಿವಿಯ ಮುಂದೆ ಒಬ್ಬ ನಿಂತು ‘ಬಂತಾ?’ ‘ಇಲ್ಲ, ಇನ್ನೂ ಸ್ವಲ್ಪ’ ‘ಹಾ, ಬಂತು ಬಂತು, ಬಿಡಬೇಡ!’ ಎಂದು ಕೂಗಾಡದ ಮನೆ ಆ ಕಾಲದಲ್ಲಿ ಕಡಿಮೆ. ಇದೇ ಜಿಲ್ಲೆಯ ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ದೇಶದ ಮನೆಮನೆಗೆ ತಲುಪಿದ್ದು ಅಂಥ ಮುಳ್ಳುಗಳ ಮೂಲಕವೇ.

ಕೇಬಲ್ ಬಂತು, ಡಿಶ್ ಬಂತು, ಆಂಟೆನಾ ನೋಡುವವರು ಇಲ್ಲವಾದರು. ನೋಡುವವರಿಲ್ಲದ ಗೋಪುರಗಳಿಗೆ ಕರೆಂಟು, ಡೀಸೆಲ್, ಸಿಬ್ಬಂದಿ ಒದಗಿಸುವುದು ಯಾಕೆಂದು ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿ ಅವುಗಳನ್ನು ಹಂತಹಂತವಾಗಿ ಮುಚ್ಚಿತು. ಆಯಕಟ್ಟಿನ ಸುಮಾರು 50 ಜಾಗಗಳನ್ನು ಬಿಟ್ಟು ಉಳಿದ ಅನಲಾಗ್ ಕೇಂದ್ರಗಳನ್ನೆಲ್ಲ 2022ರ ಮಾರ್ಚ್ 31ರೊಳಗೆ ನಿಲ್ಲಿಸುವುದಾಗಿ ಅದು 2021ರಲ್ಲಿ ಪ್ರಕಟಿಸಿತು. ಗೋಪುರದಿಂದ ಡಿಜಿಟಲ್ ಪ್ರಸಾರ ಮಾಡುವ ಪ್ರಯೋಗ 2016ರಲ್ಲಿ 16 ನಗರಗಳಲ್ಲಿ ನಡೆದಾಗ ಕರ್ನಾಟಕದಿಂದ ಸೇರಿದ್ದು ಬೆಂಗಳೂರು ಮಾತ್ರ. ಶಿವಮೊಗ್ಗದವರಿಗೆ ಗಾಳಿಯಲ್ಲಿ ಬಂದು ಸಣ್ಣ ಕಡ್ಡಿಗೆ ಸಿಗುವುದು ಈಗ ರೇಡಿಯೋ ಒಂದೇ. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ 103.5 ಎಫ್‌ಎಂನಲ್ಲಿ ಅಡುಗೆಮನೆಯ ಸಣ್ಣ ಸೆಟ್ಟಿನಲ್ಲೂ ನಿರಾಯಾಸ ಕೇಳುತ್ತದೆ.

ಪುಕ್ಕಟೆ ಟಿವಿ ಮಾತ್ರ ಹೋಗಿಲ್ಲ, ಮೇಲಕ್ಕೆ ಹೋಗಿದೆ. 2004ರ ಡಿಸೆಂಬರ್‌ನಲ್ಲಿ ‘ಡಿಡಿ ಡೈರೆಕ್ಟ್ ಪ್ಲಸ್’ ಎಂದು ಆರಂಭವಾದದ್ದು ಇಂದಿನ ‘ಡಿಡಿ ಫ್ರೀ ಡಿಶ್’. ತಿಂಗಳ ಬಾಡಿಗೆಯಿಲ್ಲ, ಡಿಡಿ ಚಂದನವೂ ಸಿಗುತ್ತದೆ. ಕಾರ್ಯಕ್ರಮಗಳು ದೆಹಲಿಯ ತೋಡಾಪುರದ ಭೂಕೇಂದ್ರದಿಂದ ಜಿಸ್ಯಾಟ್-15ಕ್ಕೆ ಏರಿ ಅಲ್ಲಿಂದ ದೇಶದ ಮೇಲೆಲ್ಲ ಇಳಿಯುತ್ತವೆ. 2015ರ ನವೆಂಬರ್‌ನಲ್ಲಿ ಹಾರಿದ ಈ ಉಪಗ್ರಹ ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ, ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿದೆ. ಅದು ಅಲ್ಲಾಡದಂತೆ ನೋಡಿಕೊಳ್ಳುವವರು ನಮ್ಮ ಹಾಸನದಲ್ಲೇ ಇದ್ದಾರೆ, ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ.

ಶಿವಮೊಗ್ಗದ ತಾರಸಿಯ ಮೇಲೆ ನಿಂತವರಿಗೆ ಜಿಸ್ಯಾಟ್-15 ಇರುವ ದಿಕ್ಕು ಉತ್ತರದಿಂದ ಬಲಕ್ಕೆ 127 ಡಿಗ್ರಿ, ಎತ್ತರ ದಿಗಂತದಿಂದ ಸುಮಾರು 64 ಡಿಗ್ರಿ. ಸರಳವಾಗಿ ಹೇಳುವುದಾದರೆ ಆಗ್ನೇಯ, ಅದೂ ಕುತ್ತಿಗೆ ಎತ್ತಿ ನೋಡಬೇಕಾದಷ್ಟು ಮೇಲೆ. ಬೇರೆ ಕಂಪನಿಗಳ ಉಪಗ್ರಹಗಳೂ ಇದರ ಆಸುಪಾಸಿನಲ್ಲೇ ಇವೆ. ಪೂರ್ವ ರೇಖಾಂಶ 83 ಡಿಗ್ರಿಯಲ್ಲಿರುವ ಟಾಟಾ ಪ್ಲೇ ಉಪಗ್ರಹ ತುಸು ದಕ್ಷಿಣಕ್ಕೆ ಸರಿದು ಇನ್ನೂ ಎತ್ತರದಲ್ಲಿದೆ, 108.2 ಡಿಗ್ರಿಯ ಏರ್‌ಟೆಲ್‌ ಉಪಗ್ರಹ ಪೂರ್ವಕ್ಕೆ ವಾಲಿ ಸುಮಾರು 49 ಡಿಗ್ರಿಗೆ ಇಳಿದಿದೆ. ಪಶ್ಚಿಮಕ್ಕೋ ಉತ್ತರಕ್ಕೋ ಮಾತ್ರ ತೆರೆದ ಬಾಲ್ಕನಿಯಲ್ಲಿ ಈ ಯಾವ ಕಂಪನಿಯ ಡಿಶ್ ಹಾಕಿದರೂ ಟಿವಿ ಬರುವುದಿಲ್ಲ. ಭದ್ರಾವತಿಗೂ ಇದೇ ಲೆಕ್ಕ. ಎರಡು ಊರಿನ ನಡುವಿನ ಇಪ್ಪತ್ತು ಕಿಲೋಮೀಟರ್ ಉಪಗ್ರಹದ ಕಣ್ಣಿಗೆ ಕಾಣುವುದೇ ಇಲ್ಲ.

ಆಗ್ನೇಯ ಎಂದಕೂಡಲೇ ಗೃಹಿಣಿಯರಿಗೆ ಇನ್ನೊಂದು ನೆನಪಾಗಬೇಕು. ವಾಸ್ತು ನೋಡಿ ಕಟ್ಟಿದ ಮನೆಯಲ್ಲಿ ಅಗ್ನಿಮೂಲೆ ಅಡುಗೆಮನೆಗೆ ಮೀಸಲು. ಅಡುಗೆಮನೆಗೆ ಅಂಟಿಕೊಂಡೇ ಪಾತ್ರೆ ತೊಳೆಯುವ, ವಾಷಿಂಗ್ ಮಷಿನ್ ಇಡುವ ಯುಟಿಲಿಟಿ ಇರುತ್ತದೆ. ತಾರಸಿಗೆ ಶೀಟು ಬಿದ್ದು ಡಿಶ್‌ಗೆ ಜಾಗವಿಲ್ಲದಾದಾಗ ಬಾಡಿಗೆಯವರ ಪಾಲಿಗೆ ಉಳಿಯುವುದು ಬಹುಮಟ್ಟಿಗೆ ಈ ಯುಟಿಲಿಟಿಯ ಹೊರಗೋಡೆ. ವಾಸ್ತುವನ್ನು ನಂಬದವರೂ ಇಷ್ಟರ ಮಟ್ಟಿಗೆ ಅದಕ್ಕೆ ಋಣಿಯಾಗಿರಬಹುದು. ಮೇಲಿನ ಮಹಡಿಯ ಸಜ್ಜ ತಲೆಯ ಮೇಲೆ ಚಾಚಿರಬಾರದು ಎಂಬುದೊಂದನ್ನು ನೋಡಿಕೊಂಡರಾಯಿತು.

ಪಕ್ಕದ ಸೈಟಿನಲ್ಲಿ ಮನೆ ಎದ್ದರೆ? ಇದಕ್ಕೆ ಮೇಸ್ತ್ರಿಯ ಟೇಪು ಸಾಕು. 64 ಡಿಗ್ರಿ ಎತ್ತರದ ಉಪಗ್ರಹಕ್ಕೆ, ಅಡ್ಡ ಬರುವ ಗೋಡೆ ಎಷ್ಟು ದೂರವಿದೆಯೋ ಅದರ ಎರಡರಷ್ಟು ಎತ್ತರ ಡಿಶ್‌ಗಿಂತ ಮೇಲೆ ಏಳುವ ತನಕ ತೊಂದರೆಯಿಲ್ಲ. ಹತ್ತು ಅಡಿ ಆಚೆಯ ಗೋಡೆ ಡಿಶ್‌ಗಿಂತ ಇಪ್ಪತ್ತು ಅಡಿ ಮೀರಿ ಎದ್ದಿತೆಂದರೆ ಚಿತ್ರ ಹೋಯಿತು. ಡಿಶ್‌ನ ಮುಖ ನೋಡಿ ಅಂದಾಜು ಮಾಡಲು ಹೋದವರು ಮೋಸಹೋಗುತ್ತಾರೆ. ಮನೆಗಳಲ್ಲಿರುವ ಡಿಶ್ ‘ಆಫ್‌ಸೆಟ್’ ಜಾತಿಯದು. ತಟ್ಟೆಯಿಂದ ಪುಟಿದ ತರಂಗ ಹಿಡಿಯುವ ಎಲ್‌ಎನ್‌ಬಿ ನಡುವೆ ಇರದೆ ಕೆಳಗಿನಿಂದ ಚಾಚಿದ ಕೋಲಿನ ತುದಿಯಲ್ಲಿರುತ್ತದೆ. ಹಾಗಾಗಿ ತಟ್ಟೆ ನೋಡುವಂತೆ ಕಾಣುವ ದಿಕ್ಕಿಗಿಂತ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಮೇಲಕ್ಕೆ ಅದರ ನಿಜವಾದ ನೋಟ. ಎದುರಿನ ಗೋಡೆಯನ್ನೇ ದಿಟ್ಟಿಸುತ್ತಿರುವ ಹಾಗೆ ಕಂಡ ಡಿಶ್ ಆ ಗೋಡೆಯ ನೆತ್ತಿ ದಾಟಿ ಸರಿಯಾಗಿಯೇ ನೋಡುತ್ತಿರಬಹುದು. ಮೊಬೈಲ್‌ನ ದಿಕ್ಸೂಚಿಯನ್ನೂ ಪೂರ್ತಿ ನಂಬುವಂತಿಲ್ಲ. ಕಬ್ಬಿಣದ ಕಂಬ, ಟ್ಯಾಂಕಿನ ಸ್ಟ್ಯಾಂಡ್ ಹತ್ತಿರವಿದ್ದರೆ ಮುಳ್ಳು ಎತ್ತೆತ್ತಲೋ ತಿರುಗುತ್ತದೆ.

ಯಾವ ಉಪಕರಣವೂ ಬೇಡದ ಪರೀಕ್ಷೆಯೊಂದಿದೆ, ಆದರೆ ವರ್ಷಕ್ಕೆ ಎರಡೇ ಸಲ. ಮಾರ್ಚ್ ನಡುವಿನ ಮತ್ತು ಸೆಪ್ಟೆಂಬರ್ ಕೊನೆಯ ಕೆಲವು ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಸೂರ್ಯ ಶಿವಮೊಗ್ಗದಿಂದ ಕಾಣುವಂತೆ ಸರಿಯಾಗಿ ಜಿಸ್ಯಾಟ್-15ರ ಬೆನ್ನಿಗೆ ಬಂದು ನಿಲ್ಲುತ್ತಾನೆ. ಆ ಹೊತ್ತಿಗೆ ತಾರಸಿಗೆ ಹೋಗಿ ನೋಡಬೇಕು. ಡಿಶ್ ಮೇಲೆ ಪೂರ್ತಿ ಬಿಸಿಲು ಬಿದ್ದಿದ್ದರೆ ಉಪಗ್ರಹಕ್ಕೂ ಅದಕ್ಕೂ ನಡುವೆ ಏನೂ ಅಡ್ಡವಿಲ್ಲ. ಟ್ಯಾಂಕಿನದೋ ತೆಂಗಿನ ಗರಿಯದೋ ನೆರಳು ಬಿದ್ದಿದ್ದರೆ ಕಳ್ಳ ಸಿಕ್ಕಿಬಿದ್ದ. ಅದೇ ದಿನಗಳಲ್ಲಿ ಹನ್ನೊಂದರ ಆಚೀಚೆ ಕೆಲವು ನಿಮಿಷ ಚಿತ್ರ ಕೆಟ್ಟರೆ ಯಾರನ್ನೂ ಕರೆಯಬೇಕಿಲ್ಲ. ಸೂರ್ಯನ ರೇಡಿಯೋ ಗದ್ದಲ ಉಪಗ್ರಹದ ಸಣ್ಣ ದನಿಯನ್ನು ಮುಳುಗಿಸಿರುತ್ತದೆ. ಸೂರ್ಯ ಸರಿದಂತೆ ತಾನೇ ಸರಿಹೋಗುತ್ತದೆ.

ನೆರಳಿನ ಈ ಲೆಕ್ಕ ಹೆಚ್ಚು ಬೇಕಾಗುವುದು ಭದ್ರಾವತಿಯಲ್ಲಿ. ಕಬ್ಬಿಣದ ಕಾರ್ಖಾನೆಯ ಹಾಗೂ ಕಾಗದ ಕಾರ್ಖಾನೆಯ ಕ್ವಾರ್ಟರ್ಸ್ ಪ್ರದೇಶಗಳಲ್ಲಿ ಮನೆಗಳು ತಗ್ಗು, ಮರಗಳು ಎತ್ತರ. ಹಿಂದಿನವರು ನೆಟ್ಟ ಮಾವು, ತೆಂಗು ಈಗ ಮಾಡಿನ ಎರಡು ಮೂರರಷ್ಟಾಗಿವೆ. ಮರದಿಂದ ಬರುವ ತೊಂದರೆಗೆ ಒಂದು ಲಕ್ಷಣವಿದೆ, ಅದು ಒಮ್ಮೆಗೇ ಬರುವುದಿಲ್ಲ. ಮೊದಲು ಗಾಳಿ ಬೀಸಿದಾಗ ಮಾತ್ರ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ, ಮುಂದಿನ ವರ್ಷ ಎಲೆ ನೆನೆದಾಗಲೆಲ್ಲ, ಅದರಾಚೆ ಸದಾಕಾಲ. ನೀರು ಕುಡಿದ ಹಸಿ ಎಲೆಯನ್ನು ದಾಟಿ ಬರುವುದು ಈ ತರಂಗಕ್ಕೆ ಬಲು ಕಷ್ಟ. ಕೊಂಬೆ ಕಡಿಸುವುದಕ್ಕಿಂತ ಡಿಶ್ ಅನ್ನು ಅಂಗಳದ ಇನ್ನೊಂದು ಮೂಲೆಗೆ ಒಯ್ಯುವುದು ಅಗ್ಗ, ನೆರೆಯವರ ಜೊತೆ ಮನಸ್ತಾಪವೂ ಇಲ್ಲ. ಡಿಶ್ ಎತ್ತರದಲ್ಲೇ ಇರಬೇಕೆಂಬ ನಿಯಮವೇನಿಲ್ಲ. ಆಕಾಶ ಕಾಣುವುದಾದರೆ ನೆಲದ ಮೇಲಿಟ್ಟರೂ ನಡೆಯುತ್ತದೆ. ಎತ್ತರ ಬೇಕಾಗಿದ್ದದ್ದು ಹಳೆಯ ಮುಳ್ಳು ಆಂಟೆನಾಕ್ಕೆ.

ಮಳೆಯದು ಬೇರೆಯೇ ಕತೆ. ಡಿಟಿಎಚ್, ಅಂದರೆ ಉಪಗ್ರಹದಿಂದ ನೇರ ಮನೆಗೆ ಬರುವ ಪ್ರಸಾರ, ಬಳಸುವುದು ಕೆಯು ಬ್ಯಾಂಡ್ ಎಂಬ ತರಂಗಪಟ್ಟಿ. ಫ್ರೀ ಡಿಶ್‌ನ ತರಂಗಗಳು 11 ಗಿಗಾಹರ್ಟ್ಜ್ ಸುಮಾರಿನವು, ಉದ್ದ ಎರಡೂಮುಕ್ಕಾಲು ಸೆಂಟಿಮೀಟರ್ ಅಷ್ಟೇ. ದಪ್ಪ ಹನಿಯ ಮಳೆ ಇದನ್ನು ಹೀರುತ್ತದೆ, ಚದುರಿಸುತ್ತದೆ. ಕೇಬಲ್‌ನವರು ತಮ್ಮ ಕಂಟ್ರೋಲ್ ರೂಮಿನ ಮೇಲೆ ಇಟ್ಟಿರುವ ದೊಡ್ಡ ಡಿಶ್‌ಗಳು ಹಿಡಿಯುವ ಸಿ ಬ್ಯಾಂಡ್ ತರಂಗ ಇದರ ಎರಡೂವರೆ ಪಟ್ಟು ಉದ್ದ, ಮಳೆಗೆ ಅಷ್ಟಾಗಿ ಸೊಪ್ಪು ಹಾಕುವುದಿಲ್ಲ. ಜುಲೈ ತಿಂಗಳ ಸಂಜೆ ಮೇಲಿನ ಮನೆಯಲ್ಲಿ ಧಾರಾವಾಹಿ ನಿಂತು ಕೆಳಗಿನ ಕೇಬಲ್ ಮನೆಯಲ್ಲಿ ನಡೆಯುತ್ತಿರುವುದು ಇದೇ ಕಾರಣಕ್ಕೆ. ಮುಂಗಾರಿನ ಜಡಿಮಳೆ ಅಷ್ಟೇನೂ ಕಾಡುವುದಿಲ್ಲ, ಕಾಡುವುದು ಕರಿಮೋಡದ ಅಡ್ಡಮಳೆ. ಅದು ನಿಂತು ಅರ್ಧ ಗಂಟೆಯಾದರೂ ಚಿತ್ರ ಮರಳದಿದ್ದರೆ ಮಾತ್ರ ಬೇರೆ ಕಾರಣ ಹುಡುಕಬೇಕು.

ಹುಡುಕುವ ಕೆಲಸ ತಾರಸಿಯಿಂದಲ್ಲ, ಸೋಫಾದಿಂದಲೇ ಶುರುವಾಗಲಿ. ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್ ಎಂಬಲ್ಲಿ ಎರಡು ಪಟ್ಟಿಗಳಿರುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಡಿಶ್‌ನವರು ಮೊದಲು ಕೇಳುವುದೂ ಅದನ್ನೇ. ಎರಡೂ ಸೊನ್ನೆಯಾದರೆ ವೈರ್ ತುಂಡಾಗಿದೆ, ಕನೆಕ್ಟರ್ ಕಳಚಿದೆ ಅಥವಾ ಎಲ್‌ಎನ್‌ಬಿ ಸತ್ತಿದೆ. ಸ್ಟ್ರೆಂತ್ ಚೆನ್ನಾಗಿದ್ದು ಕ್ವಾಲಿಟಿ ಮಾತ್ರ ಬಿದ್ದಿದ್ದರೆ ವೈರ್ ಬಹುಶಃ ಸರಿಯಿದೆ. ಡಿಶ್ ಅಲುಗಿದೆ ಇಲ್ಲವೇ ಎದುರಿಗೆ ಏನೋ ಬಂದಿದೆ. ಕೆಲವೇ ಚಾನೆಲ್ ಹೋಗಿದ್ದರೆ? ಬಾಕ್ಸು ಅದೇ ವೈರಿನಲ್ಲಿ ಎಲ್‌ಎನ್‌ಬಿಗೆ ಒಮ್ಮೆ 13, ಒಮ್ಮೆ 18 ವೋಲ್ಟ್ ಕಳಿಸಿ ಯಾವ ಗುಂಪಿನ ಚಾನೆಲ್ ಬೇಕೆಂದು ಹೇಳುತ್ತಿರುತ್ತದೆ. ಉದ್ದದ ಹಳೇ ವೈರಿನಲ್ಲಿ 18 ತಲುಪುವಷ್ಟರಲ್ಲಿ ಸೋತುಹೋದರೆ ಒಂದು ಗುಂಪು ಇಡಿಯಾಗಿ ಮಾಯ. ಫ್ರೀ ಡಿಶ್‌ನಲ್ಲಿ ಚಾನೆಲ್ ಕಾಣೆಯಾಗುವುದಕ್ಕೆ ಮತ್ತೂ ಒಂದು ಕಾರಣವಿದೆ. ಖಾಸಗಿ ಚಾನೆಲ್‌ಗಳು ಅಲ್ಲಿ ಹರಾಜಿನಲ್ಲಿ ಜಾಗ ಹಿಡಿಯುತ್ತವೆ, ಅವಧಿ ಮುಗಿದಾಗ ಕೆಲವು ಹೋಗಿ ಕೆಲವು ಬರುತ್ತವೆ. ಏಪ್ರಿಲ್ ಆರಂಭದಲ್ಲಿ ಹೀಗಾದರೆ ಹೊಸದಾಗಿ ಸ್ಕ್ಯಾನ್ ಮಾಡಿ ನೋಡುವುದು ಮೊದಲ ಮದ್ದು. ಎಂಪೆಗ್-4 ಎಂಬ ಹೊಸ ಬಗೆಯ ವಿಡಿಯೋ ಓದಲು ಬಾರದ ಹಳೇ ಬಾಕ್ಸಿನಲ್ಲಿ ಎಷ್ಟು ಸ್ಕ್ಯಾನ್ ಮಾಡಿದರೂ ಒಂದಷ್ಟು ಚಾನೆಲ್ ಬರುವುದೇ ಇಲ್ಲ.

ಮಲೆನಾಡಿನ ಮಳೆಯಲ್ಲಿ ಅತಿ ಹೆಚ್ಚು ಕೈಕೊಡುವುದು ಎಲ್‌ಎನ್‌ಬಿ ತುದಿಯ ಕನೆಕ್ಟರ್. ಹತ್ತು ರೂಪಾಯಿಯ ಆಸುಪಾಸಿನ ವಸ್ತು. ರಬ್ಬರ್ ಟೋಪಿ ಹಾಕದೆ ಬಿಟ್ಟಿದ್ದರೆ ನೀರು ನೂಲಿನಂತೆ ಒಳಗಿಳಿಯುತ್ತದೆ. ಬಿಚ್ಚಿ ನೋಡಿದರೆ ನಡುವಿನ ತಂತಿ ಕಪ್ಪಗಾಗಿರುತ್ತದೆ, ಸುತ್ತಲಿನ ಜಾಳಿಗೆ ಬಿಳಿ ಪುಡಿಯಾಗಿ ಉದುರುತ್ತದೆ. ಅಗ್ಗದ ವೈರಿನ ನಡುತಂತಿ ಮೇಲೆ ತಾಮ್ರದ ಲೇಪ, ಒಳಗೆ ಕಬ್ಬಿಣ. ತುಕ್ಕು ಹಿಡಿಯಲು ಒಂದೇ ಮಳೆಗಾಲ ಸಾಕು. ವೈರ್ ಅನ್ನು ಒಂದು ಗೇಣು ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ವೈರ್ ಕೆಳಕ್ಕೆ ಜೋತು ಆಮೇಲೆ ಮೇಲೇರುವಂತೆ ಒಂದು ಸುತ್ತು ಬಿಟ್ಟರೆ ನೀರು ಆ ಸುತ್ತಿನ ತಳದಿಂದ ತೊಟ್ಟಿಕ್ಕಿ ಹೋಗುತ್ತದೆ. ಒಳ್ಳೆಯ ಕೆಲಸಗಾರನನ್ನು ಗುರುತಿಸುವುದು ಈ ಒಂದು ಸುತ್ತಿನಿಂದ.

ಎರಡನೆಯ ಶತ್ರು ಮಂಗ. ಬಾಳೆಗೊನೆ ಹುಡುಕಿ ಬರುವ ಗುಂಪು ಡಿಶ್ ಕೋಲಿಗೆ ಜೋತು ಆಚೆ ಹಾರಿದರೆ ತಟ್ಟೆ ತುಸು ತಿರುಗುತ್ತದೆ. ಅರವತ್ತು ಸೆಂಟಿಮೀಟರ್ ಡಿಶ್ ಒಂದೂವರೆ ಡಿಗ್ರಿ ತಪ್ಪಿದರೆ ಅರ್ಧ ಸಿಗ್ನಲ್ ಹೋಗುತ್ತದೆ. ಅಂದರೆ ತಟ್ಟೆಯ ಅಂಚು ಸರಿಯುವುದು ಒಂದು ಬೆರಳಿನ ಅಗಲ ಮಾತ್ರ. ಕಣ್ಣಿಗೆ ಕಾಣಿಸುವುದೇ ಇಲ್ಲ. ಬಟ್ಟೆ ಒಣಹಾಕುವ ಹಗ್ಗವನ್ನು ಡಿಶ್ ಕಂಬಕ್ಕೆ ಕಟ್ಟುವವರೂ ಮಂಗನಷ್ಟೇ ಕೆಲಸ ಮಾಡುತ್ತಾರೆ. ಹಳೇ ಕಾಲದಲ್ಲಿ ಹೀಗೆ ಅಲುಗಿದರೆ ಹುಳ ಹರಿಯುತ್ತಲೇ ಕ್ರಿಕೆಟ್ ನೋಡಬಹುದಿತ್ತು. ಡಿಜಿಟಲ್‌ಗೆ ಆ ಉದಾರತೆಯಿಲ್ಲ. ಒಂದು ಮಟ್ಟದವರೆಗೆ ನಿಚ್ಚಳ ಚಿತ್ರ, ಅದರ ಕೆಳಗೆ ಏನೂ ಇಲ್ಲ.

ಇಷ್ಟೆಲ್ಲ ತಿಳಿದುಕೊಂಡ ಬಾಡಿಗೆಯವರು ಮೇಲೆ ಹೋಗೋಣವೆಂದರೆ ತಾರಸಿ ಬಾಗಿಲಿಗೆ ಬೀಗ. ಕೀ ಓನರ್ ಹತ್ತಿರ, ಓನರ್ ಮಗಳ ಮನೆಯಲ್ಲಿ. ಹನ್ನೊಂದು ತಿಂಗಳ ಕರಾರು ಪತ್ರದಲ್ಲಿ ಸುಣ್ಣಬಣ್ಣದ ಖರ್ಚು, ಮೊಳೆ ಹೊಡೆಯಬಾರದೆಂಬ ಷರತ್ತು ಎಲ್ಲ ಇರುತ್ತದೆ. ಡಿಶ್ ಎಲ್ಲಿ ನಿಲ್ಲಬೇಕು, ಶೀಟು ಹಾಕಿಸಿದರೆ ಅದನ್ನು ಸರಿಸುವ ಖರ್ಚು ಯಾರದು ಎಂಬ ಸಾಲು ಸಾಮಾನ್ಯವಾಗಿ ಇರುವುದಿಲ್ಲ. ಅಮೆರಿಕದಲ್ಲಿ 1996ರಿಂದ ಇದಕ್ಕೊಂದು ಕೇಂದ್ರ ನಿಯಮವೇ ಇದೆ. ಒಂದು ಮೀಟರ್‌ವರೆಗಿನ ಡಿಶ್ ಹಾಕಿಕೊಳ್ಳುವುದನ್ನು ತಡೆಯುವಂತಿಲ್ಲ. 1999ರಲ್ಲಿ ಆ ಹಕ್ಕು ಬಾಡಿಗೆದಾರರಿಗೂ ಸಿಕ್ಕಿತು, ಆದರೆ ಅವರ ಸ್ವಂತ ಬಳಕೆಯ ಬಾಲ್ಕನಿಯಲ್ಲಿ ಮಾತ್ರ, ಎಲ್ಲರಿಗೂ ಸೇರಿದ ಚಾವಣಿಯಲ್ಲಲ್ಲ. ಇಲ್ಲಿ ಎಲ್ಲವೂ ಮಾತಿನ ಮೇಲೆ ನಡೆಯುತ್ತದೆ. ಮಾತು ಚೆನ್ನಾಗಿದ್ದ ಮನೆಗಳಲ್ಲಿ ವೆಲ್ಡಿಂಗ್‌ನವರು ಇರುವಾಗಲೇ ಶೀಟಿನ ಆಗ್ನೇಯ ಅಂಚಿನ ಕಂಬಕ್ಕೆ ಹೊರಚಾಚಿದ ಒಂದು ಪೈಪ್ ತುಂಡು ಬೆಸೆಸಿಕೊಳ್ಳುತ್ತಾರೆ. ಹತ್ತು ನಿಮಿಷದ ಕೆಲಸ. ನಾಲ್ಕು ಮನೆಯವರ ಡಿಶ್ ಅಲ್ಲೇ ಸಾಲಾಗಿ ನಿಲ್ಲುತ್ತವೆ, ಗೋಡೆಗೆ ತೂತು ಬೀಳುವುದಿಲ್ಲ, ಸೋರುವುದೂ ಇಲ್ಲ. ಹೊಸ ಶೀಟಿನ ಮೇಲೆ ಹತ್ತಿ ಡಿಶ್ ಕೂರಿಸುವ ಸಾಹಸ ಮಾತ್ರ ಬೇಡ. ಒದ್ದೆ ಶೀಟು ಜಾರುತ್ತದೆ, ಸ್ಕ್ರೂ ಹೊಡೆದ ಕಡೆಯೆಲ್ಲ ಮತ್ತೆ ಸೋರುತ್ತದೆ. ಗುಡುಗಿರುವ ಸಂಜೆ ಬಾಕ್ಸಿನಿಂದ ವೈರ್ ಕಳಚಿಡುವುದೂ ಒಳ್ಳೆಯದು. ಏಪ್ರಿಲ್ ಮೇ ತಿಂಗಳ ಸಿಡಿಲಿಗೆ ಎಲ್‌ಎನ್‌ಬಿ ಜೊತೆ ಟಿವಿಯೂ ಸುಟ್ಟ ಉದಾಹರಣೆಗಳು ಊರಲ್ಲಿ ಬೇಕಾದಷ್ಟಿವೆ.

ಹೊಸ ಬಾಡಿಗೆ ಮನೆಗೆ ಬಂದವರು ಡಿಶ್ ಕೊಳ್ಳುವ ಮೊದಲು ಒಮ್ಮೆ ತಾರಸಿ ಸುತ್ತಿ ಬರಲಿ. ಹಿಂದಿನವರು ಬಿಟ್ಟುಹೋದ ಡಿಶ್‌ಗಳು ಅಲ್ಲಿ ಎರಡಾದರೂ ಇರುತ್ತವೆ, ಬಣ್ಣ ಹೋಗಿ, ಒಂದರೊಳಗೆ ಪಾರಿವಾಳ ಕಡ್ಡಿ ಪೇರಿಸಿ. ಅವುಗಳಲ್ಲಿ ಸನ್ ಡೈರೆಕ್ಟ್‌ದೊಂದು ಸಿಕ್ಕಿದರೆ ಅದೃಷ್ಟ. ಅದರ ಪ್ರಸಾರದ ಒಂದು ಭಾಗ ಬರುವುದೂ ಇದೇ 93.5 ಡಿಗ್ರಿಯ ಜಿಸ್ಯಾಟ್-15ರಿಂದ. ಆ ಕಡೆಗೇ ತಿರುಗಿಸಿಟ್ಟ ಡಿಶ್ ಆಗಿದ್ದರೆ, ಕಂಬ ನೆಟ್ಟಗಿದ್ದು ಎಲ್‌ಎನ್‌ಬಿ ಜೀವಂತವಿದ್ದರೆ, ಹೊಸ ಕನೆಕ್ಟರ್ ಹಾಕಿ ಫ್ರೀ ಡಿಶ್ ಬಾಕ್ಸಿನ ವೈರ್ ಸಿಕ್ಕಿಸಿದರಾಯಿತು. ಬೋಲ್ಟು ಸಡಿಲಿಸುವ ಮೊದಲು ಸಿಗ್ನಲ್ ಪಟ್ಟಿ ನೋಡಿ. ಎಷ್ಟೋ ಸಲ ಅದನ್ನು ತಿರುಗಿಸುವ ಅಗತ್ಯವೇ ಬೀಳುವುದಿಲ್ಲ.